ತೆರಿಗೆ ಪತ್ರಿಕೆಯಲ್ಲಿ ಅನುತ್ತೀರ್ಣರಾದವರು: ಮರುಪರೀಕ್ಷೆಯ ಸಿದ್ಧತೆ

ಪುಣೆ ನಗರವು ಬಹುಕಾಲದಿಂದ ವಿದ್ಯಾಕೇಂದ್ರವೆಂದು ಹೆಸರಾಗಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಗಳ ಅನೇಕ ಕನ್ನಡ ತರುಣ ತರುಣಿಯರು ವಾಣಿಜ್ಯ ಶಾಸ್ತ್ರದ ಪದವಿಯ ನಂತರ ಅಥವಾ ಅದರ ಜೊತೆಜೊತೆಗೆ ಲೆಕ್ಕಪರಿಶೋಧನೆಯ ವೃತ್ತಿಪರೀಕ್ಷೆಗಳಿಗೆ ಸಿದ್ಧರಾಗಲು ಇಲ್ಲಿಗೆ ಬರುತ್ತಾರೆ. ಸದಾಶಿವ ಪೇಠೆ, ನವಿ ಪೇಠೆಗಳ ಬೀದಿಗಳಲ್ಲಿ ‘ಅಭ್ಯಾಸಿಕಾ’ ಎಂಬ ಫಲಕ ಹೊತ್ತ ಓದುಕೋಣೆಗಳಲ್ಲಿ ತಿಂಗಳ ಬಾಡಿಗೆ ಕೊಟ್ಟು ಒಂದು ಮೇಜು, ಒಂದು ದೀಪ ಪಡೆದು ಕುಳಿತವರಲ್ಲಿ ಇವರೂ ಸೇರಿರುತ್ತಾರೆ. ಇವರಲ್ಲಿ ಬಹುಮಂದಿ ಒಂದೇ ಯತ್ನದಲ್ಲಿ ಉತ್ತೀರ್ಣರಾಗುವುದಿಲ್ಲ. ಅನುತ್ತೀರ್ಣರಾದ ದಿನದಿಂದ ಮುಂದಿನ ಪರೀಕ್ಷೆಯ ದಿನದವರೆಗೆ ಏನು ಮಾಡತಕ್ಕದ್ದು ಎಂಬುದನ್ನು, ಮುಖ್ಯವಾಗಿ ತೆರಿಗೆ ಪತ್ರಿಕೆಯನ್ನು ಗಮನದಲ್ಲಿಟ್ಟುಕೊಂಡು, ಇಲ್ಲಿ ವಿವರಿಸಲಾಗಿದೆ.

ಪರೀಕ್ಷೆಯ ಸ್ವರೂಪ

1949ರ ಕಾಯಿದೆಯನ್ವಯ ಸ್ಥಾಪಿತವಾದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ಸಿ.ಎ. ಪರೀಕ್ಷೆಗಳನ್ನು ನಡೆಸುತ್ತದೆ. ಅದರ ಪುಣೆ ಶಾಖೆಯು ಬಿಬ್ವೇವಾಡಿಯಲ್ಲಿದೆ. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಶಿಕ್ಷಣ ಯೋಜನೆಯಂತೆ ಫೌಂಡೇಶನ್, ಇಂಟರ್‌ಮೀಡಿಯೇಟ್ ಮತ್ತು ಫೈನಲ್ ಎಂಬ ಮೂರು ಹಂತಗಳಿವೆ. ಇಂಟರ್‌ಮೀಡಿಯೇಟ್ ಹಂತದ ಮೊದಲ ಗುಂಪಿನಲ್ಲಿ ಲೆಕ್ಕಶಾಸ್ತ್ರ, ಕಾನೂನು ಮತ್ತು ತೆರಿಗೆ ಎಂಬ ಮೂರು ಪತ್ರಿಕೆಗಳಿವೆ. ತೆರಿಗೆ ಪತ್ರಿಕೆಯ 100 ಅಂಕಗಳಲ್ಲಿ ಆದಾಯ ತೆರಿಗೆಗೆ 50, ಸರಕು ಮತ್ತು ಸೇವಾ ತೆರಿಗೆಗೆ 50 ಅಂಕಗಳು ಮೀಸಲಾಗಿವೆ. ಫೈನಲ್ ಹಂತದಲ್ಲಿ ಪ್ರತ್ಯಕ್ಷ ತೆರಿಗೆ, ಪರೋಕ್ಷ ತೆರಿಗೆಗಳಿಗೆ ಬೇರೆ ಬೇರೆ ಪತ್ರಿಕೆಗಳಿವೆ. ಉತ್ತರಗಳನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕಾಗುತ್ತದೆ.

ಉತ್ತೀರ್ಣತೆಗೆ ಎರಡು ನಿಬಂಧನೆಗಳಿವೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇಕಡಾ 40 ಹಾಗೂ ಗುಂಪಿನ ಒಟ್ಟು ಅಂಕಗಳಲ್ಲಿ ಕನಿಷ್ಠ ಶೇಕಡಾ 50 ಬರಬೇಕು. ಈ ಎರಡನೆಯ ನಿಬಂಧನೆಯ ಪೂರ್ಣ ಅರ್ಥವನ್ನು ಅನೇಕರು ಫಲಿತಾಂಶ ಬಂದ ಮೇಲೆಯೇ ಗ್ರಹಿಸುತ್ತಾರೆ.

ಅಂಕಪಟ್ಟಿಯನ್ನು ಓದುವ ಬಗೆ

ಮರುಪರೀಕ್ಷೆಯ ಯೋಜನೆಯು ಅಂಕಪಟ್ಟಿಯಿಂದಲೇ ಆರಂಭವಾಗತಕ್ಕದ್ದು. ಉದಾಹರಣೆಗಾಗಿ ಮೂವರು ಅಭ್ಯರ್ಥಿಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯವರಿಗೆ ಲೆಕ್ಕಶಾಸ್ತ್ರದಲ್ಲಿ 62, ಕಾನೂನಿನಲ್ಲಿ 50, ತೆರಿಗೆಯಲ್ಲಿ 37 ಅಂಕಗಳು ಬಂದಿವೆ, ಒಟ್ಟು 149. ಇವರು ತೆರಿಗೆಯಲ್ಲಿಯೂ ಸೋತಿದ್ದಾರೆ, ಒಟ್ಟು ಅಂಕಗಳಲ್ಲಿಯೂ ಒಂದು ಅಂಕದಿಂದ ಸೋತಿದ್ದಾರೆ. ಆದರೆ ಗುಂಪಿನ ಎಲ್ಲ ಪತ್ರಿಕೆಗಳಿಗೂ ಹಾಜರಾಗಿ ಯಾವುದಾದರೊಂದರಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಆ ಪತ್ರಿಕೆಯಿಂದ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ ದೊರೆಯುತ್ತದೆ, ಮತ್ತು ಆ ಅಂಕಗಳು ಒಟ್ಟು ಮೊತ್ತಕ್ಕೆ ಸೇರುತ್ತವೆ. ಆದುದರಿಂದ ಇವರು ಮುಂದಿನ ಬಾರಿ ಕಾನೂನು ಮತ್ತು ತೆರಿಗೆ ಎರಡನ್ನು ಮಾತ್ರ ಬರೆದು, ಎರಡರಲ್ಲಿಯೂ ಕನಿಷ್ಠ 40 ಪಡೆದು, ಎರಡೂ ಸೇರಿ 88 ಅಂಕ ಗಳಿಸಿದರೆ ಸಾಕು.

ಎರಡನೆಯವರಿಗೆ 52, 54, 41 ಅಂಕಗಳು ಬಂದಿವೆ. ಯಾವ ಪತ್ರಿಕೆಯಲ್ಲಿಯೂ ಇವರು ಸೋತಿಲ್ಲ. ಆದರೂ ಒಟ್ಟು 147 ಆಗಿರುವುದರಿಂದ ಅನುತ್ತೀರ್ಣರು. 60 ಮುಟ್ಟಿದ ಪತ್ರಿಕೆಯೊಂದೂ ಇಲ್ಲದ ಕಾರಣ ವಿನಾಯಿತಿಯೂ ಇಲ್ಲ. ಮೂರನ್ನೂ ಮತ್ತೆ ಬರೆಯಬೇಕು. ಮೇಲ್ನೋಟಕ್ಕೆ ಮೊದಲನೆಯವರಿಗಿಂತ ಇವರೇ ಸಮತೋಲನ ಉಳ್ಳವರಂತೆ ಕಂಡರೂ ಮರುಪರೀಕ್ಷೆಯ ಭಾರ ಇವರಿಗೇ ಹೆಚ್ಚು.

ಮೂರನೆಯವರಿಗೆ ಕಾನೂನಿನಲ್ಲಿ 71, ಲೆಕ್ಕಶಾಸ್ತ್ರದಲ್ಲಿ 45, ತೆರಿಗೆಯಲ್ಲಿ ಕೇವಲ 33. ಇವರಿಗೆ ಇನ್ನು ಬೇಕಾದುದು 79. ಆದರೆ ಎರಡು ಪತ್ರಿಕೆಗಳಲ್ಲಿ ತಲಾ 40 ಕಡ್ಡಾಯವಾದುದರಿಂದ 80 ಆಗಿಯೇ ಆಗುತ್ತದೆ. ಎಂದರೆ ಇವರಿಗೆ ಒಟ್ಟು ಅಂಕದ ಚಿಂತೆಯೇ ಇಲ್ಲ. ತೆರಿಗೆಯಲ್ಲಿ 33ರಿಂದ 40ಕ್ಕೆ ಏರುವುದು ಮತ್ತು ಲೆಕ್ಕಶಾಸ್ತ್ರವನ್ನು ಕೈಬಿಡದಿರುವುದು, ಇಷ್ಟೇ ಕೆಲಸ.

ಈ ಮೂವರಿಗೂ ‘ಇನ್ನೂ ಚೆನ್ನಾಗಿ ಓದು’ ಎಂಬ ಒಂದೇ ಸಲಹೆಯನ್ನು ಕೊಡುವವರು ಅಂಕಪಟ್ಟಿಯನ್ನು ನೋಡಿಲ್ಲವೆಂದೇ ಹೇಳಬೇಕು. ಎರಡನೆಯ ಅಭ್ಯರ್ಥಿಯು ಒಂದು ಪತ್ರಿಕೆಯಲ್ಲಾದರೂ 60ನ್ನು ದಾಟುವಂತೆ ಯೋಜಿಸುವುದು ಯುಕ್ತ. ಅದು ಒಟ್ಟು ಅಂಕವನ್ನು ಮೇಲೆತ್ತುವುದಲ್ಲದೆ, ಮತ್ತೊಮ್ಮೆ ಸೋತರೂ ಆ ಪತ್ರಿಕೆಯ ಶ್ರಮ ಕೈಸೇರುತ್ತದೆ. ಮೂರನೆಯವರು ಹಾಗೆ ಯೋಚಿಸಬೇಕಾಗಿಲ್ಲ.

ಎರಡು ಗುಂಪುಗಳನ್ನು ಒಟ್ಟಿಗೆ ಬರೆಯಬೇಕೇ ಎಂಬ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಒಂದೇ ಬಾರಿಗೆ ಎರಡೂ ಗುಂಪುಗಳಿಗೆ ಕುಳಿತವರಿಗೆ ಎರಡರ ಅಂಕಗಳನ್ನೂ ಒಟ್ಟುಗೂಡಿಸಿ 600ಕ್ಕೆ 300 ಬಂದಿದೆಯೇ ಎಂದು ನೋಡುವ ಅನುಕೂಲವಿದೆ. ಒಂದರಲ್ಲಿ 140, ಇನ್ನೊಂದರಲ್ಲಿ 170 ಬಂದರೆ, ಪ್ರತಿ ಪತ್ರಿಕೆಯಲ್ಲಿ 40 ಇರುವ ಪಕ್ಷದಲ್ಲಿ, ಎರಡೂ ಉತ್ತೀರ್ಣ. ಆದರೆ ಈ ಅನುಕೂಲವು ಆರೂ ಪತ್ರಿಕೆಗಳನ್ನು ಓದಿ ಮುಗಿಸಿದವರಿಗೆ ಮಾತ್ರ. ಎರಡು ತಿಂಗಳಲ್ಲಿ ಆರು ಪತ್ರಿಕೆಗಳನ್ನು ಹೊಸದಾಗಿ ಓದುವೆನೆಂದು ಹೊರಡುವುದು ಹೆಚ್ಚಿನವರಿಗೆ ಹಿತವಲ್ಲ.

ಉತ್ತರಪತ್ರಿಕೆಯ ಪ್ರತಿ

2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಪ್ರಕರಣವೊಂದರಲ್ಲಿ, ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯಿದೆಯಡಿ ಪರೀಕ್ಷಾರ್ಥಿಗೆ ಇದೆ ಎಂದು ತೀರ್ಪಿತ್ತಿತು. ಸಿ.ಎ. ಅಭ್ಯರ್ಥಿಗಳು ನಿಗದಿತ ಶುಲ್ಕ ಸಲ್ಲಿಸಿ ಉತ್ತರಪತ್ರಿಕೆಯ ದೃಢೀಕೃತ ಪ್ರತಿಯನ್ನು ಪಡೆಯಬಹುದು. ಅಂಕಗಳ ಪರಿಶೀಲನೆಗೂ ಫಲಿತಾಂಶ ಪ್ರಕಟವಾದ ಒಂದು ತಿಂಗಳೊಳಗೆ ಅರ್ಜಿ ಸಲ್ಲಿಸಬಹುದು. ಈ ಪರಿಶೀಲನೆಯಲ್ಲಿ ಯಾವುದಾದರೂ ಉತ್ತರಕ್ಕೆ ಅಂಕ ಕೊಡದೆ ಬಿಟ್ಟಿದೆಯೇ, ಕೂಡಿಕೆಯಲ್ಲಿ ತಪ್ಪಾಗಿದೆಯೇ ಎಂಬುದನ್ನಷ್ಟೇ ನೋಡಲಾಗುತ್ತದೆ. 1988ರ ನಿಯಮಾವಳಿಯಲ್ಲಿ ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ. ಆದ್ದರಿಂದ ಪರಿಶೀಲನೆಯ ಫಲ ಬರಲೆಂದು ಓದನ್ನು ನಿಲ್ಲಿಸಿ ಕಾಯುವುದು ಸಲ್ಲದು.

ಪ್ರತಿಯ ನಿಜವಾದ ಉಪಯೋಗ ಬೇರೆಯೇ ಇದೆ. ಸಂಸ್ಥೆಯು ಪ್ರತಿ ಪರೀಕ್ಷೆಯ ನಂತರ ಪ್ರಕಟಿಸುವ ಸೂಚಿತ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ತನ್ನ ಉತ್ತರಗಳನ್ನು ಓದಿದರೆ ಅಂಕ ಕಳೆದುಹೋದ ಜಾಗ ಕಾಣುತ್ತದೆ. ತೆರಿಗೆ ಪತ್ರಿಕೆಯಲ್ಲಿ ಅಂಕ ಹೋಗುವ ದಾರಿಗಳು ಕೆಲವೇ. ಕಾನೂನಿನ ನಿಬಂಧನೆಯೇ ತಿಳಿಯದಿರುವುದು ಒಂದು. ನಿಬಂಧನೆ ತಿಳಿದಿದ್ದೂ ಪ್ರಶ್ನೆಯ ಸಂಗತಿಗೆ ಅನ್ವಯಿಸುವಲ್ಲಿ ಎಡವುದು ಇನ್ನೊಂದು. ಉತ್ತರ ಸರಿಯಾಗಿದ್ದೂ ಲೆಕ್ಕದ ಟಿಪ್ಪಣಿ ತೋರಿಸದೆ, ಒಂದು ಮೊತ್ತವನ್ನು ಏಕೆ ಸೇರಿಸಲಿಲ್ಲವೆಂದು ಒಂದು ಸಾಲಿನ ಕಾರಣ ಬರೆಯದೆ, ನೇರವಾಗಿ ಅಂಕಿಯನ್ನು ಇಳಿಸುವುದು ಮತ್ತೊಂದು. ಕೊನೆಯ ಪ್ರಶ್ನೆಗೆ ಸಮಯ ಸಾಲದೆ ಹೋಗುವುದೂ ಉಂಟು. ಮೊದಲ ದೋಷಕ್ಕೆ ಓದು ಪರಿಹಾರ. ಉಳಿದವುಗಳಿಗೆ ಗಡಿಯಾರ ಇಟ್ಟುಕೊಂಡು ಬರೆಯುವುದೇ ಪರಿಹಾರ. ಬರೆಯುವ ದೋಷವುಳ್ಳವರು ಮತ್ತೊಂದು ತರಗತಿಗೆ ಸೇರಿ ಅದೇ ಪಾಠವನ್ನು ಮೊದಲಿನಿಂದ ಕೇಳುವುದರಿಂದ ಹಣ, ಕಾಲ ಎರಡೂ ವ್ಯರ್ಥವಾಗುತ್ತವೆ.

ಯಾವ ವರ್ಷದ ಕಾನೂನು?

ಇತರ ಪತ್ರಿಕೆಗಳಿಗಿಲ್ಲದ ತೊಡಕೊಂದು ತೆರಿಗೆ ಪತ್ರಿಕೆಗಿದೆ: ಒಂದು ಯತ್ನದಿಂದ ಇನ್ನೊಂದು ಯತ್ನದೊಳಗೆ ಕಾನೂನೇ ಬದಲಾಗಿರುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಇದು ವಿಶೇಷವಾಗಿ ನಡೆದಿದೆ. ಬಂಡವಾಳ ಲಾಭದ ತೆರಿಗೆಯ ದರಗಳು 2024ರ ಜುಲೈ 23ರಂದು ಬದಲಾದವು. ಆ ದಿನಕ್ಕೆ ಮೊದಲು ಶೇರು ಮಾರಿದವರಿಗೆ ಒಂದು ದರ, ನಂತರ ಮಾರಿದವರಿಗೆ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಶೇಕಡಾ 12 ಮತ್ತು 28ರ ಹಂತಗಳ ಬಹುತೇಕ ಸರಕುಗಳು 5, 18 ಮತ್ತು 40ರ ಹಂತಗಳಿಗೆ ಸರಿದವು. ಎಲ್ಲಕ್ಕಿಂತ ಮಿಗಿಲಾಗಿ, 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 536 ಪ್ರಕರಣಗಳ 2025ರ ಆದಾಯ ತೆರಿಗೆ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ‘ಹಿಂದಿನ ವರ್ಷ’, ‘ನಿರ್ಧಾರಣಾ ವರ್ಷ’ ಎಂಬ ಜೋಡಿ ಪದಗಳ ಬದಲು ‘ತೆರಿಗೆ ವರ್ಷ’ ಎಂಬ ಒಂದೇ ಪದ ಬಂದಿದೆ. ಎಲ್ಲರ ನಾಲಿಗೆಯ ಮೇಲಿದ್ದ 80ಸಿ ಪ್ರಕರಣವು ಹೊಸ ಕಾಯಿದೆಯಲ್ಲಿ 123 ಆಗಿದೆ. 115ಬಿಎಸಿ 202 ಆಗಿದೆ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಪರೀಕ್ಷೆಯ ದಿನ ದೇಶದಲ್ಲಿ ಜಾರಿಯಲ್ಲಿರುವ ಕಾನೂನೇ ಪರೀಕ್ಷೆಗೆ ಅನ್ವಯಿಸುವ ಕಾನೂನಾಗಿರಬೇಕೆಂದಿಲ್ಲ. ಯಾವ ಹಣಕಾಸು ಕಾಯಿದೆ, ಯಾವ ದಿನಾಂಕದವರೆಗಿನ ತಿದ್ದುಪಡಿಗಳು ಎಂಬುದನ್ನು ಸಂಸ್ಥೆಯು ಪ್ರತಿ ಪರೀಕ್ಷೆಗೂ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಪತ್ರಿಕೆಗಳಲ್ಲಿ ಓದಿದ ಹೊಸ ದರವನ್ನು ಹಳೆಯ ಕಾನೂನಿನ ಪ್ರಶ್ನೆಗೆ ಬರೆದವರಿಗೂ ಅಂಕ ಹೋಗುತ್ತದೆ, ಕಳೆದ ಯತ್ನದ ಪುಸ್ತಕವನ್ನೇ ನೆಚ್ಚಿದವರಿಗೂ ಹೋಗುತ್ತದೆ. ಆದುದರಿಂದ ಓದು ಆರಂಭಿಸುವ ಮೊದಲ ದಿನವೇ ಈ ಪ್ರಕಟಣೆಯನ್ನು ಮತ್ತು ಸಂಸ್ಥೆಯ ಪುನರಾವರ್ತನ ಪರೀಕ್ಷಾ ಪತ್ರಿಕೆಯಲ್ಲಿರುವ ತಿದ್ದುಪಡಿಗಳ ಪಟ್ಟಿಯನ್ನು ತೆಗೆದುಕೊಂಡು, ಹಳೆಯ ಟಿಪ್ಪಣಿಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಮೂರನೆಯವರ ಬಳಿ ಅಗ್ಗಕ್ಕೆ ಕೊಂಡ ಹಳೆಯ ಪುಸ್ತಕ ಇತರ ಪತ್ರಿಕೆಗಳಿಗೆ ನಡೆದೀತು, ತೆರಿಗೆಗೆ ನಡೆಯದು.

ಎರಡು ತಿಂಗಳ ಅವಧಿ

2024ರಲ್ಲಿ ಇಂಟರ್‌ಮೀಡಿಯೇಟ್ ಪರೀಕ್ಷೆಯನ್ನು ಜನವರಿ, ಮೇ ಮತ್ತು ಸೆಪ್ಟೆಂಬರ್‌ಗಳಲ್ಲಿ ನಡೆಸುವ ಕ್ರಮ ಆರಂಭವಾಯಿತು. ಫೈನಲ್ ಪರೀಕ್ಷೆಗೂ 2025ರಲ್ಲಿ ಅದೇ ಕ್ರಮ ಬಂತು. ಹಿಂದೆ ಆರು ತಿಂಗಳು ಕಾಯಬೇಕಾಗಿದ್ದವರಿಗೆ ಇದರಿಂದ ಕಾಲ ಉಳಿದಿದೆ. ಆದರೆ ಫಲಿತಾಂಶಕ್ಕೂ ಮುಂದಿನ ಪರೀಕ್ಷೆಗೂ ನಡುವೆ ಸುಮಾರು ಎರಡು ತಿಂಗಳಷ್ಟೇ ಉಳಿಯುತ್ತದೆ, ಅರ್ಜಿ ಸಲ್ಲಿಸುವ ಅವಧಿಯು ಫಲಿತಾಂಶದ ಆಸುಪಾಸಿನಲ್ಲಿಯೇ ತೆರೆದು ಬೇಗ ಮುಚ್ಚುತ್ತದೆ. ದುಃಖದಲ್ಲಿ ಹತ್ತು ದಿನ ಕಳೆದವರು ಅರ್ಜಿಯ ಕೊನೆಯ ದಿನವನ್ನೂ ಕಳೆದುಕೊಳ್ಳುವುದುಂಟು. ಪರೀಕ್ಷಾ ವೇಳಾಪಟ್ಟಿಯನ್ನು ಪ್ರತಿ ಬಾರಿಯೂ ಸಂಸ್ಥೆಯ ಪ್ರಕಟಣೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಎರಡು ಪತ್ರಿಕೆ ಉಳಿದವರಿಗೆ ಅರವತ್ತು ದಿನಗಳು ಸಾಕು. ಮೊದಲ ಮೂವತ್ತೈದು ದಿನ ವಿಷಯದ ಮರುಓದು ಮತ್ತು ತಿದ್ದುಪಡಿ, ನಂತರ ಹದಿನೈದು ದಿನ ಸಂಸ್ಥೆಯ ಮಾದರಿ ಪತ್ರಿಕೆಗಳನ್ನು ಮೂರು ಗಂಟೆ ಕುಳಿತು ಬರೆಯುವುದು, ಉಳಿದುದು ಪುನರಾವರ್ತನೆಗೆ. ತೆರಿಗೆ ಪತ್ರಿಕೆಯಲ್ಲಿ 30 ಅಂಕಗಳು ಬಹು ಆಯ್ಕೆಯ ಪ್ರಶ್ನೆಗಳಿಗಿರುವುದರಿಂದ ಅವುಗಳಿಗೆ ದಿನವೂ ಅರ್ಧ ಗಂಟೆ ಮೀಸಲಿಡುವುದು ಸೂಕ್ತ. ಕಚೇರಿಯಲ್ಲಿ ಕೆಲಸ ಮಾಡುತ್ತಿರುವ ಫೈನಲ್ ಅಭ್ಯರ್ಥಿಗಳ ಸ್ಥಿತಿ ಬೇರೆ. ಸೆಪ್ಟೆಂಬರ್ ತಿಂಗಳು ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ತೆರಿಗೆ ಲೆಕ್ಕಪರಿಶೋಧನೆಯ ದಟ್ಟಣೆಯ ಕಾಲ. ಆಗ ರಜೆ ಸಿಗುವುದೆಂದು ನಂಬಿ ಅರ್ಜಿ ಹಾಕುವ ಮುನ್ನ ತಮ್ಮ ಪ್ರಧಾನರೊಡನೆ ಮಾತನಾಡಿ ನಿಶ್ಚಯಿಸಿಕೊಳ್ಳುವುದು ವಿವೇಕ.

ಊರಿನಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ಒಂದು ಅಂಕದಿಂದ ಸೋತದ್ದು ಅಲಕ್ಷ್ಯದ ಫಲವೆಂದು ಭಾವಿಸಬಾರದು. ಈ ಪರೀಕ್ಷೆಯ ಲೆಕ್ಕವೇ ಹಾಗಿದೆ. ಮಗನೋ ಮಗಳೋ ಪೇಠೆಯ ಕೋಣೆಯಲ್ಲಿ ಮಾತು ಬಿಟ್ಟು ಕುಳಿತಿದ್ದಾರೆಂದು ತಿಳಿದರೆ ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಜಿ.ಎಸ್.ಟಿ. ವೃತ್ತಿನಿರತರ ಪರೀಕ್ಷೆ

ಸಿ.ಎ. ಅಲ್ಲದೆ ತೆರಿಗೆ ಕೆಲಸವನ್ನು ವೃತ್ತಿಯಾಗಿ ಮಾಡಬಯಸುವ ಪದವೀಧರರಿಗೆ ಇನ್ನೊಂದು ಪರೀಕ್ಷೆಯಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 83 ಮತ್ತು 83ಎ ನಿಯಮಗಳಂತೆ, ಜಿ.ಎಸ್.ಟಿ. ವೃತ್ತಿನಿರತರಾಗಿ ನೋಂದಾಯಿಸಿಕೊಂಡವರು ನೋಂದಣಿಯ ಎರಡು ವರ್ಷಗಳೊಳಗೆ ರಾಷ್ಟ್ರೀಯ ಸುಂಕ, ಪರೋಕ್ಷ ತೆರಿಗೆ ಮತ್ತು ಮಾದಕದ್ರವ್ಯ ಅಕಾಡೆಮಿಯು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಲ್ಲವಾದರೆ ನೋಂದಣಿ ಉಳಿಯುವುದಿಲ್ಲ. ಮೊದಲ ಪರೀಕ್ಷೆ 2018ರ ಅಕ್ಟೋಬರ್ 31ರಂದು ನಡೆಯಿತು. ಮಾರಾಟ ತೆರಿಗೆಯ ಕಾಲದಿಂದ ವ್ಯಾಪಾರಿಗಳ ಲೆಕ್ಕ ನೋಡಿಕೊಂಡು ಬಂದ ಹಿರಿಯರೂ ಕಂಪ್ಯೂಟರಿನ ಮುಂದೆ ಕುಳಿತು ಇದನ್ನು ಬರೆಯಬೇಕಾಯಿತು.

ಪರೀಕ್ಷೆಯಲ್ಲಿ 100 ಬಹು ಆಯ್ಕೆಯ ಪ್ರಶ್ನೆಗಳು, ಎರಡೂವರೆ ಗಂಟೆ ಕಾಲ, 200 ಅಂಕಗಳು, ತೇರ್ಗಡೆಗೆ 100. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಭಾಷೆ ಇಂಗ್ಲಿಷ್ ಮತ್ತು ಹಿಂದಿ. ಎರಡು ವರ್ಷದೊಳಗೆ ಎಷ್ಟು ಬಾರಿಯಾದರೂ ಕುಳಿತುಕೊಳ್ಳಬಹುದು, ಆದರೆ ಪ್ರತಿ ಬಾರಿಯೂ ಹೊಸದಾಗಿ ನೋಂದಾಯಿಸಿ ಶುಲ್ಕ ಸಲ್ಲಿಸಬೇಕು. ಸೋತವರು ಮೊದಲು ಮಾಡಬೇಕಾದ ಕೆಲಸವೆಂದರೆ ನೋಂದಣಿ ಪತ್ರ ತೆಗೆದು ಅದರ ದಿನಾಂಕದಿಂದ ಎಷ್ಟು ತಿಂಗಳು ಉಳಿದಿವೆ ಎಂದು ಎಣಿಸುವುದು.

ಅರ್ಜಿ ಹಾಕಿದ್ದೂ ತೀವ್ರ ಕಾಯಿಲೆ, ಅಪಘಾತ ಅಥವಾ ನೈಸರ್ಗಿಕ ವಿಪತ್ತಿನಿಂದ ಪರೀಕ್ಷೆಗೆ ಹೋಗಲಾಗದಿದ್ದವರು, ಪರೀಕ್ಷೆ ನಡೆದ 30 ದಿನಗಳೊಳಗೆ ತಮ್ಮ ವ್ಯಾಪ್ತಿಯ ಆಯುಕ್ತರಿಗೆ ಲಿಖಿತ ಮನವಿ ಸಲ್ಲಿಸಿ ಒಂದು ಹೆಚ್ಚುವರಿ ಅವಕಾಶವನ್ನು ಕೋರಬಹುದು. ಪುಣೆಯಲ್ಲಿ ಕೇಂದ್ರ ಜಿ.ಎಸ್.ಟಿ. ಭವನವು ಸಸೂನ್ ರಸ್ತೆಯಲ್ಲಿ, ವಾಡಿಯಾ ಕಾಲೇಜಿನ ಎದುರಿಗಿದೆ. ಆಯುಕ್ತರ ಶಿಫಾರಸಿನ ಆಧಾರದ ಮೇಲೆ ಅಕಾಡೆಮಿಯು ನಿರ್ಧರಿಸುತ್ತದೆ. ಆದುದರಿಂದ ವೈದ್ಯರ ಪ್ರಮಾಣಪತ್ರವೇ ಮೊದಲಾದ ದಾಖಲೆಗಳನ್ನು ಮನವಿಯ ಜೊತೆಗೇ ಲಗತ್ತಿಸತಕ್ಕದ್ದು. ಫಲಿತಾಂಶದ ಬಗ್ಗೆ ಅಸಮಾಧಾನವಿರುವವರು ಕಾರಣಗಳನ್ನು ಸ್ಪಷ್ಟವಾಗಿ ನಮೂದಿಸಿ ಅಕಾಡೆಮಿಗೆ ಅಥವಾ ಆಯುಕ್ತರಿಗೆ ಬರೆಯಲೂ ನಿಯಮದಲ್ಲಿ ಅವಕಾಶವಿದೆ.