ನಿಮಗಿದು ಗೊತ್ತೆ? ಬೆಟ್ಟ ಹತ್ತುವ ಮೊದಲೇ ಇಳಿಯಬೇಕು!
ಬೆಂಗಳೂರಿನ ಬಾಗಲಗುಂಟೆಯಿಂದ ಕುಮಾರ ಪರ್ವತಕ್ಕೆ ಹೊರಟವರು ಮೊದಲು ಮಾಡುವುದು ಇಳಿಯುವ ಕೆಲಸ! ಜಾಲಹಳ್ಳಿ ಕ್ರಾಸ್‌ನಲ್ಲಿ ರಾತ್ರಿ ಬಸ್ ಹತ್ತುವಾಗ ನೀವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುತ್ತೀರಿ. ಬೆಳಗ್ಗೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಕಣ್ಣುಬಿಟ್ಟರೆ 120 ಮೀಟರ್ ಆಸುಪಾಸು. ಶಿಖರ 1,712 ಮೀಟರ್. ಅಂದರೆ ಸುಮಾರು 13 ಕಿ.ಮೀ. ದಾರಿಯಲ್ಲಿ ಹತ್ತಿರ ಹತ್ತಿರ 1,600 ಮೀಟರ್ ಏರು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಮತ್ತೊಂದು. ಆ ಪ್ರಕಾರ ಹತ್ತಲು ಐದೂಕಾಲು ಗಂಟೆ, ಎಲ್ಲೂ ಕೂರದಿದ್ದರೆ. ದಿನವಿಡೀ ಕುರ್ಚಿಗೆ ಅಂಟಿಕೊಳ್ಳುವ ನಮ್ಮಂಥವರು ಧಾರಾಳವಾಗಿ ಸೇರಿಸಿಕೊಳ್ಳಬೇಕು.

ಮನಸ್ಸು ಕೈಕೊಡುವುದು ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತದಲ್ಲಿ. ಬಂದೇಬಿಟ್ಟೆವು ಎನ್ನುವಷ್ಟರಲ್ಲಿ ಎದುರಿಗೆ ಇನ್ನೊಂದು ತುದಿ! ಶೋಲಾ ಕಾಡಿಗಿಳಿದು, ಮತ್ತೆ ಬಂಡೆ ಏರಬೇಕು.

ತೊಡೆ ಹಿಡಿದುಕೊಳ್ಳುವುದು ಮಾತ್ರ ಹೆಚ್ಚಾಗಿ ಇಳಿದದ್ದಕ್ಕೆ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯುತ್ತದೆ. ನೋವು ಜೋರಾಗುವುದು ಒಂದೆರಡು ದಿನ ಕಳೆದ ಮೇಲೆ. ಮೊದಲೇ ಇಳಿದು ಪಳಗಿದ ಕಾಲಿಗೆ ಈ ನೋವು ಕಡಿಮೆ. ಆದ್ದರಿಂದ ಹೊರಡುವ ಕೆಲವು ವಾರ ಮುಂಚಿನಿಂದ ನಾಗಸಂದ್ರ ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲಲ್ಲೇ ಇಳಿಯಿರಿ.