ಮಿನಿ ಹಿಟಾಚಿ ಬೂಮ್ ‘ಟಕ್’ ಅಂತಿದೆಯಾ? ಬುಷ್ ಹಾಕಿಸೋದು ತಡ ಆದ್ರೆ ಬೂಮಿನ ತೂತೇ ಹಾಳಾಗುತ್ತೆ

ಅಡಿಕೆ ತೋಟದ ಬಸಿಗಾಲುವೆ, ಮನೆ ಪಾಯ, ಟಾಯ್ಲೆಟ್ ಗುಂಡಿ, ನೀರಿನ ಪೈಪ್‌ಲೈನ್. ಈಗ ಎಲ್ಲದಕ್ಕೂ ಮಿನಿ ಹಿಟಾಚಿನೇ ಬೇಕು. ಮಷಿನ್ ಯಾವ ಕಂಪನಿಯದ್ದಾದರೂ ಮಲೆನಾಡಿನ ಕಡೆ ಅದಕ್ಕೆ ಹೆಸರು ಹಿಟಾಚಿ. ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಒಂದೇ ಮಷಿನ್ ಇಟ್ಟುಕೊಂಡು, ತಾವೇ ಓಡಿಸಿ, ತಿಂಗಳ ಕಂತು ಕಟ್ಟುವವರು ಇದ್ದಾರೆ. ಇವರಿಗೆ ಡೀಸೆಲ್ ಖರ್ಚು ದಿನಾ ಕಣ್ಣಿಗೆ ಕಾಣುತ್ತೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬುಷ್ ಒಳಗೊಳಗೇ ಸವೆಯುತ್ತಿರುವುದು ಮಾತ್ರ ಕಾಣಲ್ಲ. ಕಾಣುವ ಹೊತ್ತಿಗೆ ಬಿಲ್ ದೊಡ್ಡದಾಗಿರುತ್ತೆ.

ಬೂಮ್ ಅಂದರೆ ಮಷಿನ್ನಿನ ಬುಡದಿಂದ ಮೇಲೆದ್ದಿರುವ ದೊಡ್ಡ ತೋಳು. ಅದರ ತುದಿಗೆ ಆರ್ಮ್, ಆರ್ಮಿನ ತುದಿಗೆ ಬಕೆಟ್. ಇವು ಒಂದಕ್ಕೊಂದು ಸೇರುವ ಕಡೆಯೆಲ್ಲ ಒಂದೊಂದು ಉಕ್ಕಿನ ಪಿನ್ ಇರುತ್ತೆ. ಪಿನ್ ನೇರವಾಗಿ ಬೂಮಿನ ಕಬ್ಬಿಣಕ್ಕೆ ಉಜ್ಜಬಾರದು ಅಂತ ನಡುವೆ ಕೊಳವೆಯಂಥ ಒಂದು ತುಂಡನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಅದೇ ಬುಷ್. ಕಾಲಿಗೆ ಚಪ್ಪಲಿ ಇದ್ದ ಹಾಗೆ. ಅದು ಇರೋದೇ ಸವೆಯೋದಕ್ಕೆ. ಹಾಗಾಗಿ ಬುಷ್ ಸವೆದರೆ ಗಾಬರಿ ಏನಿಲ್ಲ. ಸವೆದ ಮೇಲೂ ಓಡಿಸುತ್ತಾ ಹೋದರೆ ಬುಷ್ಷೇ ತೂತಿನೊಳಗೆ ಸಡಿಲವಾಗಿ ತಿರುಗೋಕೆ ಶುರುವಾಗುತ್ತೆ. ಆಮೇಲೆ ಬೂಮಿನ ತೂತು ಮೊಟ್ಟೆ ಆಕಾರಕ್ಕೆ ಬರುತ್ತೆ. ಗಾಬರಿ ಆಗಬೇಕಾದ್ದು ಆಗ.

ಒಂದು ಮಿ.ಮೀ. ಸವೆದರೆ ಬಕೆಟ್ ಎಷ್ಟು ಅಲ್ಲಾಡುತ್ತೆ?

ಬೂಮಿನ ಬುಡದಲ್ಲಿ ಸ್ವಲ್ಪ ಪ್ಲೇ ಬಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಬುಡದ ಎರಡು ಬುಷ್‌ಗಳ ನಡುವಿನ ಅಂತರ 20 ಸೆಂ.ಮೀ. ಇದೆ, ಬಕೆಟ್ಟಿನ ಹಲ್ಲು ಅಲ್ಲಿಂದ 4 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ದೂರ 20 ಪಟ್ಟು. ಅಂದರೆ ಬುಡದಲ್ಲಿ 1 ಮಿ.ಮೀ. ಓರೆಯಾದರೆ ಹಲ್ಲಿನ ಹತ್ತಿರ 2 ಸೆಂ.ಮೀ. ಅಕ್ಕಪಕ್ಕ ಹೋಗುತ್ತೆ. ಇದಕ್ಕೆ ಆರ್ಮ್ ಪಿನ್, ಬಕೆಟ್ ಪಿನ್ನಿನ ಸವೆತವೂ ಸೇರುತ್ತೆ. ಪಾಯದ ಗೆರೆ ನೆಟ್ಟಗೆ ಬರಲ್ಲ, ಕಾಲುವೆಯ ಬದಿ ಕುಸಿಯುತ್ತೆ, ಲೆವೆಲ್ ಮಾಡೋಕೆ ಎರಡೆರಡು ಸಲ ಕೆರೆಯಬೇಕು. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ತೋಟದವರು ತಿಳ್ಕೊಳ್ಳಬೇಕಾದ್ದು ಇದು. ಸಡಿಲ ಮಷಿನ್ನಿನ ನಷ್ಟ ಮಾಲೀಕನಿಗೆ ಮಾತ್ರ ಅಲ್ಲ.

ಪರೀಕ್ಷೆ ಸುಲಭ. ಮಷಿನ್ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕೆ ಮುಟ್ಟಿಸಿ ಬೂಮನ್ನು ನಿಧಾನಕ್ಕೆ ಒತ್ತಿ, ಬಿಡಿ. ಇನ್ನೊಬ್ಬರು ಪಕ್ಕದಲ್ಲಿ, ದೂರ ನಿಂತು ಪಿನ್ನಿನ ಜಾಗ ನೋಡಲಿ. ಬೂಮ್ ಚಲಿಸುವ ಮೊದಲೇ ಪಿನ್ ‘ಟಕ್’ ಅಂತ ಹಾರಿದರೆ ಸವೆತ ಇದೆ ಅಂತ ಅರ್ಥ. ಸಂದಿಗೆ ಬೆರಳು ಹಾಕಿ ನೋಡೋದು ಬೇಡವೇ ಬೇಡ, ಬೆರಳು ಉಳಿಯಲ್ಲ.

ಎಲ್ಲ ಅಲ್ಲಾಟವೂ ಬುಷ್‌ನದ್ದಲ್ಲ ಅನ್ನೋದೂ ಗೊತ್ತಿರಲಿ. ಪಿನ್ನಿನ ಉದ್ದಕ್ಕೆ, ಅಂದರೆ ಅಕ್ಕಪಕ್ಕಕ್ಕೆ ಮಾತ್ರ ಜಾರುತ್ತಿದ್ದರೆ ಪಕ್ಕದ ಸಂದಿಗೆ ಶಿಮ್ ಅನ್ನೋ ತೆಳು ವಾಶರ್ ಹಾಕಿದರೆ ಸಾಕು. ಅದು ಸಣ್ಣ ಖರ್ಚು. ಇದನ್ನು ನೋಡದೆ ನೇರ ಬುಷ್ ಕೀಳುವ ಮೆಕ್ಯಾನಿಕ್ ಹತ್ತಿರ ಒಂದು ಮಾತು ಕೇಳಿ.

ಕೆಲಸ ಹೇಗೆ ನಡೆಯಬೇಕು?

ಮೊದಲು ಭದ್ರತೆ. ಬಕೆಟ್ ನೆಲದ ಮೇಲೆ ಕೂತಿರಬೇಕು, ಬೂಮಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಬೇಕು, ಮೇಲಿಂದ ಚೈನ್ ಬ್ಲಾಕ್ ಹಿಡಿದಿರಬೇಕು. ಎಂಜಿನ್ ಆಫ್ ಮಾಡಿದ ಮೇಲೆ ಲಿವರ್‌ಗಳನ್ನು ಆ ಕಡೆ ಈ ಕಡೆ ಆಡಿಸಿ ಹೈಡ್ರಾಲಿಕ್ ಪ್ರೆಶರ್ ಇಳಿಸಬೇಕು. ಹಲವು ಮಷಿನ್‌ಗಳಲ್ಲಿ ಇದಕ್ಕೆ ಕೀ ಆನ್‌ನಲ್ಲಿ ಇರಬೇಕಾಗುತ್ತೆ. ಪ್ರೆಶರ್ ಇಳಿದಿದೆ ಅಂತ ನಂಬಿ, ಆಸರೆ ಇಲ್ಲದ ಬೂಮಿನ ಕೆಳಗೆ ತಲೆ ಹಾಕೋದು ಜೀವಕ್ಕೆ ಸಂಚಕಾರ.

ನಂತರ ಪಿನ್ ತೆಗೆಯೋದು. ತುಕ್ಕು ಹಿಡಿದ ಪಿನ್ ಸುಲಭಕ್ಕೆ ಬರಲ್ಲ, ಹಿಂದಿನ ದಿನವೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಟ್ಟರೆ ಒಳ್ಳೇದು. ಪಿನ್ನಿನ ಮೈ ಹದ ಹಾಕಿದ ಗಟ್ಟಿ ಉಕ್ಕು. ಅದರ ಮೇಲೆ ನೇರವಾಗಿ ದೊಡ್ಡ ಸುತ್ತಿಗೆಯಲ್ಲಿ ಬಾರಿಸಿದರೆ ಚೂರು ಸಿಡಿದು ಗುಂಡಿನ ಹಾಗೆ ಬರುತ್ತೆ. ಕಣ್ಣಿಗೆ ಕನ್ನಡಕ ಬೇಕು, ನಡುವೆ ಹಿತ್ತಾಳೆಯಂಥ ಮೆತ್ತನೆ ಲೋಹದ ತುಂಡು ಕೊಟ್ಟು ಹೊಡೀಬೇಕು. ಕನ್ನಡಕ ಹಾಕದ ಹುಡುಗರನ್ನು ಈ ಕೆಲಸಕ್ಕೆ ನಿಲ್ಲಿಸಬಾರದು.

ಹಳೇ ಬುಷ್ ತೆಗೆಯೋಕೆ ಮೂರು ದಾರಿ. ಉದ್ದ ಬೋಲ್ಟು, ನಟ್ಟು, ಒಂದು ಪೈಪಿನ ತುಂಡು ಇಟ್ಟು ಎಳೆಯೋದು ಒಂದು. ಬುಷ್ಷನ್ನು ಉದ್ದಕ್ಕೆ ಸೀಳಿ ತೆಗೆಯೋದು ಇನ್ನೊಂದು. ಇದರಲ್ಲಿ ಬ್ಲೇಡ್ ಬೂಮಿನ ತೂತಿಗೆ ತಾಗದ ಹಾಗೆ ಕೈ ಹಿಡಿತ ಇರಬೇಕು. ಮೂರನೇದು ವೆಲ್ಡಿಂಗ್. ಬುಷ್ಷಿನ ಒಳಮೈಗೆ ಉದ್ದಕ್ಕೆ ಒಂದೆರಡು ಗೆರೆ ವೆಲ್ಡ್ ಎಳೆದು ಆರೋಕೆ ಬಿಟ್ಟರೆ, ಆರುವಾಗ ಬುಷ್ ಕುಗ್ಗಿ ಸಡಿಲವಾಗುತ್ತೆ. ಆಗ ಸಣ್ಣ ಪೆಟ್ಟಿಗೇ ಹೊರಗೆ ಬರುತ್ತೆ. ನೋಡಿದವರಿಗೆ ಜಾದೂ ಅನ್ನಿಸುತ್ತೆ, ವಿಷಯ ಇಷ್ಟೇ. ಆದರೆ ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರ್ ಬಿಚ್ಚಬೇಕು, ಅರ್ತಿಂಗ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ದೂರ ಎಲ್ಲೋ ಚೈನಿಗೆ ಕಚ್ಚಿಸಿದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹಾದು ಅವುಗಳನ್ನೂ ಸುಡಬಹುದು. ಗ್ರೀಸ್ ಇರುವ ಜಾಗ, ಹತ್ತಿರದಲ್ಲೇ ಹೈಡ್ರಾಲಿಕ್ ಹೋಸ್. ಬೆಂಕಿ ನಂದಿಸೋಕೆ ಏನಾದರೂ ಕೈಗೆ ಸಿಗುವಂತಿರಲಿ.

ಬುಷ್ ಬಂದ ಮೇಲೆ ತೂತನ್ನು ಒರೆಸಿ, ಎಮರಿ ಪೇಪರ್ ಉಜ್ಜಿ, ಮೇಲೆ-ಕೆಳಗೆ ಒಂದು ಸಲ, ಅಡ್ಡಡ್ಡ ಒಂದು ಸಲ ಅಳೆಯಬೇಕು. ಎರಡೂ ಅಳತೆ ಒಂದೇ ಬಂದರೆ ತೂತು ಉಳಿದಿದೆ, ಹೊಸ ಬುಷ್ ಹಾಕಬಹುದು. ವ್ಯತ್ಯಾಸ ಇದ್ದರೆ ತೂತು ಮೊಟ್ಟೆಯಾಗಿದೆ. ಅದರಲ್ಲಿ ಹೊಸ ಬುಷ್ ಕೂರಿಸಿದರೂ ಕೆಲವೇ ದಿನಕ್ಕೆ ಕಳಚಿಕೊಳ್ಳುತ್ತೆ. ಸುತ್ತ ವೆಲ್ಡ್ ಹಾಕಿ ಹಿಡಿಸೋದೂ ಉಂಟು. ಮುಂದಿನ ಸಲ ತೆಗೆಯುವವನಿಗೆ ಮಾತ್ರ ಅದು ಶಾಪ. ಸರಿಯಾದ ಪರಿಹಾರ ಲೈನ್ ಬೋರಿಂಗ್. ತೂತಿನೊಳಗೆ ವೆಲ್ಡ್ ತುಂಬಿ, ಎರಡೂ ಬದಿಯ ತೂತಿಗೆ ಒಂದೇ ಉದ್ದ ಬಾರ್ ಹಾಕಿ, ಮತ್ತೆ ಮೊದಲಿನ ಅಳತೆಗೆ ಕೊರೆಯೋದು. ಎರಡು ಬದಿ ಒಂದೇ ನೇರದಲ್ಲಿ ಇಲ್ಲದಿದ್ದರೆ ಪಿನ್ ದಾಟೋದೇ ಇಲ್ಲ. ಈ ಮಷಿನ್ ಎಲ್ಲ ಲೇತ್ ಅಂಗಡಿಯಲ್ಲೂ ಇರಲ್ಲ. ತರಿಸುವ ಖರ್ಚು, ಕಾಯುವ ದಿನ, ಬಾಡಿಗೆ ತಪ್ಪಿದ ದಿನ ಎಲ್ಲ ಒಟ್ಟಾಗುತ್ತೆ. ಬುಷ್ಷಿನ ಬೆಲೆ ಆಗ ಲೆಕ್ಕಕ್ಕೇ ಇರಲ್ಲ.

ಫ್ರಿಜ್ ಉಪಾಯ

ಹೊಸ ಬುಷ್ಷಿನ ಹೊರ ಅಳತೆ ತೂತಿಗಿಂತ ಕೂದಲೆಳೆಯಷ್ಟು ದೊಡ್ಡದೇ ಇರುತ್ತೆ, ಬಿಗಿ ಕೂರೋದು ಅದರಿಂದಲೇ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಅಂಚು ಮಡಚಿ ಪಿನ್ ಹೋಗಲ್ಲ. ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಹಾಕೋದು ಹಳೇ ಉಪಾಯ, ಅದಕ್ಕೆ ಅರ್ಥವೂ ಇದೆ. 50 ಮಿ.ಮೀ. ಉಕ್ಕಿನ ಬುಷ್ 28 ಡಿಗ್ರಿಯಿಂದ ಮೈನಸ್ 18ಕ್ಕೆ ತಣಿದರೆ ಸುಮಾರು 0.027 ಮಿ.ಮೀ. ಕುಗ್ಗುತ್ತೆ. ಅಷ್ಟರಿಂದಲೇ ಬುಷ್ ಜಾರಿ ಕೂರುತ್ತೆ ಅಂತಲ್ಲ, ಬೋಲ್ಟಿನಲ್ಲಿ ಎಳೆಯೋದು ಹಗುರಾಗುತ್ತೆ. ಕೂರಿಸುವಾಗ ಬುಷ್ಷಿನ ಗ್ರೀಸ್ ತೂತು ನಿಪ್ಪಲ್ಲಿನ ದಾರಿಗೆ ಸರಿಯಾಗಿ ಬರಲೇಬೇಕು. ತಪ್ಪಿದರೆ ಗನ್ ಎಷ್ಟು ಒತ್ತಿದರೂ ಗ್ರೀಸ್ ಒಳಗೆ ಹೋಗಲ್ಲ, ಹೊಸ ಬುಷ್ ಒಣಗಿಯೇ ಸವೆಯುತ್ತೆ. ಕೆಲಸ ಮುಗಿದ ಮೇಲೆ, ಮಷಿನ್ ಮಣ್ಣಿಗೆ ಇಳಿಯುವ ಮೊದಲೇ ಗ್ರೀಸ್ ಹೊಡೆಸಿ ಎರಡೂ ಬದಿ ಹೊರಗೆ ಬರುತ್ತಾ ನೋಡಬೇಕು.

ಹಳೇ ಪಿನ್ನಿಗೆ ಹೊಸ ಬುಷ್ ಹಾಕಿಸೋ ಉಳಿತಾಯ ಉಳಿತಾಯವೇ ಅಲ್ಲ. ಪಿನ್ನಿನ ಮೇಲೆ ಉಗುರು ಆಡಿಸಿದಾಗ ಮೆಟ್ಟಿಲು ಸಿಕ್ಕರೆ ಅದನ್ನೂ ಬದಲಾಯಿಸಿ. ಲೇತ್‌ನಲ್ಲಿ ಮಾಡಿಸುವ ಬುಷ್ ಕೆಟ್ಟದೇನಲ್ಲ, ಒಳ್ಳೆ ಕೈ ಇರುವ ಟರ್ನರ್‌ಗಳು ತಾಲ್ಲೂಕಿನಲ್ಲೂ ಇದ್ದಾರೆ. ಕೇಳಬೇಕಾದ ಪ್ರಶ್ನೆ ಎರಡು: ಯಾವ ಉಕ್ಕು, ಹದ ಹಾಕಿದ್ದಾ ಇಲ್ವಾ? ಹದ ಹಾಕದ ಸಾದಾ ಉಕ್ಕಿನ ಬುಷ್ ಬೇಗ ಸವೆಯುತ್ತೆ. ಒಳಮೈಗೆ ಗ್ರೀಸ್ ಗೆರೆ ಕೊರೆಸೋದನ್ನು ಮರೀಬೇಡಿ.

ಬುಷ್ ಇಷ್ಟು ಬೇಗ ಹೋಗೋದಕ್ಕೆ ಮುಖ್ಯ ಕಾರಣ ಗ್ರೀಸೇ. ಬಕೆಟ್ ಹತ್ತಿರದ ಪಿನ್‌ಗಳಿಗೆ ದಿನಾ ಹೊಡೀಬೇಕು, ಕೆಸರು ನೀರಲ್ಲಿ ಕೆಲಸ ಇದ್ದ ದಿನ ಸಂಜೆಯೂ ಒಮ್ಮೆ. ಉಳಿದ ಕಡೆಗೆ ಮಷಿನ್ನಿನ ಪುಸ್ತಕದಲ್ಲಿ ಗಂಟೆ ಬರೆದಿರುತ್ತೆ. ಗಂಟೆ ಬಾಡಿಗೆಯ ಒತ್ತಡದಲ್ಲಿ ಬೆಳಗಿನ ಆ ಹತ್ತು ನಿಮಿಷವನ್ನೇ ಮೊದಲು ಕತ್ತರಿಸೋದು. ಆಪರೇಟರ್ ಇಟ್ಟುಕೊಂಡ ಮಾಲೀಕರು ಆ ಹತ್ತು ನಿಮಿಷಕ್ಕೂ ಕೂಲಿ ಕೊಟ್ಟರೆ ಜಗಳವೇ ಇರಲ್ಲ. ಕಟ್ಟಿಹೋದ ನಿಪ್ಪಲ್ ಇದ್ದರೆ ಅವತ್ತೇ ಬದಲಾಯಿಸಿ, ಸ್ಪೇರ್ಸ್ ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಕಮ್ಮಿ.

ಮಲೆನಾಡಿನಲ್ಲಿ ಈ ರಿಪೇರಿಗೆ ಸರಿಯಾದ ಹೊತ್ತು ಮಳೆಗಾಲ. ಜೂನ್‌ನಿಂದ ಆಗಸ್ಟ್ ತನಕ ಕೆಲಸ ಕಮ್ಮಿ, ಮಷಿನ್ ಹೇಗೂ ಶೆಡ್ಡಿನಲ್ಲಿರುತ್ತೆ. ಆದರೆ ಕೈಯಲ್ಲಿ ದುಡ್ಡಿಲ್ಲದ ಹೊತ್ತೂ ಅದೇ, ಹಾಗಾಗಿ ಮುಂದಕ್ಕೆ ಹೋಗುತ್ತೆ. ಮೇ ತಿಂಗಳ ಬಾಡಿಗೆಯಲ್ಲೇ ಪಿನ್ನು-ಬುಷ್ಷಿಗೆ ಅಂತ ಸ್ವಲ್ಪ ತೆಗೆದಿಟ್ಟು, ಮಳೆ ಹಿಡಿಯುವ ಮೊದಲೇ ಅಳತೆ ತೆಗೆಸಿ ಲೇತ್‌ಗೆ ಕೊಟ್ಟರೆ ಮಷಿನ್ ನಿಂತಿರುವಾಗಲೇ ಕೆಲಸ ಮುಗಿಯುತ್ತೆ. ಸುಮ್ಮನೆ ನಿಲ್ಲಿಸಿಡುವವರೂ ಎಲ್ಲ ಪಿನ್‌ಗೆ ಗ್ರೀಸ್ ತುಂಬಿಸಿ, ಸಿಲಿಂಡರಿನ ಹೊಳೆಯುವ ರಾಡ್‌ಗಳು ಆದಷ್ಟು ಒಳಗೆ ಹೋಗಿರುವ ಹಾಗೆ ನಿಲ್ಲಿಸಿ. ಹೊರಗೆ ಉಳಿಯುವ ರಾಡಿಗೆ ತೆಳ್ಳಗೆ ಗ್ರೀಸ್ ಸವರಿ.