ಬೀಡಿ ಕಟ್ಟುವ ಕೈಗಳಿಗೆ ಸ್ವಂತ ಸೂರು

ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಓಡಾಡುವ ನಮ್ಮ ವಾಚಕರಿಗೆ ಕುಂಭಾರಿ ಹೊಸ ಹೆಸರಲ್ಲ. ಅಲ್ಲಿಯ ಬಯಲಿನಲ್ಲಿ ಸಾಲುಸಾಲಾಗಿ ನಿಂತ ಸಾವಿರಾರು ಚಿಕ್ಕ ಮನೆಗಳು ಸರಕಾರಿ ನೌಕರರ ವಸಾಹತೂ ಅಲ್ಲ, ಯಾವ ಧನಿಕನ ದಾನವೂ ಅಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳು ತಮ್ಮ ಸಹಕಾರಿ ಸಂಸ್ಥೆಯ ಮೂಲಕ, ತಮ್ಮ ಪಾಲಿನ ಹಣವನ್ನೂ ತೆತ್ತು ಪಡೆದ ಮನೆಗಳವು.

ಸೊಲ್ಲಾಪುರದ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಎಷ್ಟೋ ಸಂಸಾರಗಳು ಗೃಹಿಣಿಯ ಬೀಡಿಯ ಮೊರವನ್ನೇ ನಂಬಿ ನಡೆದವು. ತೆಲುಗು, ಕನ್ನಡ, ಮರಾಠಿ, ಉರ್ದು ಆಡುವ ಮನೆಗಳೆಲ್ಲ ಈ ಕಸುಬಿನಲ್ಲಿವೆ. ಕಾರಖಾನೆಯ ಶಾಖೆಯಿಂದ ಎಲೆ, ತಂಬಾಕು, ದಾರಗಳನ್ನು ತಂದು, ಎಲೆಯನ್ನು ನೆನೆಸಿ, ಕತ್ತರಿಸಿ, ಸುತ್ತಿ, ಕಟ್ಟಿ ತಿರುಗಿ ಒಪ್ಪಿಸಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ಲೆಕ್ಕ. ಪರೀಕ್ಷೆಯಲ್ಲಿ ತಿರಸ್ಕೃತವಾದ ಬೀಡಿಗೆ ಕೂಲಿಯಿಲ್ಲ. ಹೀಗಾಗಿ ಈ ತಾಯಂದಿರಿಗೆ ಮನೆಯೆಂದರೆ ಕಾರಖಾನೆಯೂ ಹೌದು. ಬಾಡಿಗೆಯ ಜೋಪಡಿ ಮಳೆಗಾಲದಲ್ಲಿ ಸೋರಿದರೆ ಮಕ್ಕಳ ಹಾಸಿಗೆಯಷ್ಟೇ ಅಲ್ಲ, ತಂಬಾಕೂ ತೋಯುತ್ತದೆ, ಅಂದಿನ ಕೂಲಿಯೂ ಹೋಗುತ್ತದೆ. ಮನೆಯ ಪ್ರಶ್ನೆಯೂ ಕೂಲಿಯ ಪ್ರಶ್ನೆಯೂ ಇಲ್ಲಿ ಒಂದೇ ಆಗಿವೆ ಎಂಬುದನ್ನು ಪಟ್ಟಣದ ಸುಶಿಕ್ಷಿತರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಮನೆಯಲ್ಲಿ ಕುಳಿತು ದುಡಿಯುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಒಪ್ಪಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣನಿಧಿಯ ಕಾನೂನು ಬಂದಿತು. ಆ ನಿಧಿಯ ನೆರವು ದೊರೆಯಬೇಕಾದರೆ ಕೈಯಲ್ಲಿ ಗುರುತಿನ ಚೀಟಿ ಇರಬೇಕಾಗಿತ್ತು. ಈ ಚೀಟಿಯ ಬಲವನ್ನು ಚೆನ್ನಾಗಿ ಅರಿತವರು ಸೊಲ್ಲಾಪುರದ ಕಾರ್ಮಿಕ ಮುಖಂಡರೂ ಮಾಜಿ ಶಾಸಕರೂ ಆದ ನರಸಯ್ಯ ಆಡಂ, ಜನರ ಬಾಯಲ್ಲಿ ‘ಆಡಂ ಮಾಸ್ತರ’. ಅವರ ರಾಜಕೀಯ ಪಕ್ಷವನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಆದರೆ ಬೀಡಿ ಕಟ್ಟುವವರನ್ನು ಗೃಹನಿರ್ಮಾಣ ಸಂಸ್ಥೆಯ ಸದಸ್ಯರನ್ನಾಗಿ ಮಾಡಿ, ಸರಕಾರದ ಬಾಗಿಲಲ್ಲಿ ನಿಲ್ಲಿಸಿದ ಅವರ ಛಲವನ್ನು ವಿರೋಧಿಗಳೂ ಅಲ್ಲಗಳೆಯಲಾರರು.

ವಾರಲಿ ಆದಿವಾಸಿಗಳ ಪರವಾಗಿ ಹೋರಾಡಿದ ಗೋದಾವರಿ ಪರುಳೇಕರ ಅವರ ಹೆಸರನ್ನು ಆ ಸಂಸ್ಥೆಗೆ ಇಡಲಾಯಿತು. ಪ್ರತಿ ಮನೆಯ ವೆಚ್ಚವನ್ನು ಕೇಂದ್ರ ಸರಕಾರ, ರಾಜ್ಯ ಸರಕಾರ ಮತ್ತು ಕಾರ್ಮಿಕಳು ಹಂಚಿಕೊಂಡರು. ಸಾವಿರದ ಲೆಕ್ಕದಲ್ಲಿ ಬೀಡಿ ಎಣಿಸಿ ಕೂಲಿ ಪಡೆಯುವವಳಿಗೆ ತನ್ನ ಪಾಲನ್ನು ಕೂಡಿಸುವುದು ಎಷ್ಟು ಕಾಲದ ಮಾತೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. ಹತ್ತು ಸಾವಿರ ಮನೆಗಳ ಈ ವಸತಿಯ ಕೀಲಿಗಳನ್ನು 2006ರ ಸಪ್ಟಂಬರದಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗರು ಹಸ್ತಾಂತರಿಸಿದರು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಅದೇ ಕುಂಭಾರಿಯಲ್ಲಿ ರೇ ನಗರವೆಂಬ 30,000 ಮನೆಗಳ ಯೋಜನೆಗೆ 2019ರ ಜನವರಿ 9ರಂದು ಪ್ರಧಾನಿ ನರೇಂದ್ರ ಮೋದಿಯವರು ಅಡಿಗಲ್ಲು ಇಟ್ಟರು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಅವರೇ ಬಂದು ಒಪ್ಪಿಸಿದರು. ಈ ಸಲ ಬೀಡಿಯವರ ಜೊತೆಗೆ ಮಗ್ಗದವರು, ಚಿಂದಿ ಆಯುವವರು, ವಾಹನ ಚಾಲಕರು, ಬೀದಿ ವ್ಯಾಪಾರಿಗಳೂ ಸೇರಿದರು. ಕೆಂಬಾವುಟದವರ ಬೇಡಿಕೆಯನ್ನು ಬೇರೆ ಬೇರೆ ಪಕ್ಷಗಳ ಸರಕಾರಗಳು ನಡೆಸಿಕೊಟ್ಟದ್ದು ನಮ್ಮ ರಾಜಕಾರಣದಲ್ಲಿ ದಿನಾಲು ಕಾಣುವ ನೋಟವಲ್ಲ!

ಆದರೂ ಒಂದು ಮಾತು ಹೇಳಲೇಬೇಕು. ನಗರದಿಂದ ದೂರ ಹೋದ ಮನೆಯ ಹಿಂದೆಯೇ ಬೀಡಿಯ ಶಾಖೆ, ಬಸ್ಸು, ನೀರು, ದವಾಖಾನೆ, ಶಾಲೆಗಳೂ ಹೋಗಬೇಕು. ಎಲೆಗಾಗಿ ದಿನದ ಅರ್ಧ ಭಾಗವನ್ನು ದಾರಿಯಲ್ಲಿ ಕಳೆದರೆ ಉಳಿದ ಅರ್ಧದಲ್ಲಿ ಸಾವಿರ ಬೀಡಿ ಮುಗಿಯುವುದು ಹೇಗೆ? ಮೇಲಾಗಿ 2017ರಲ್ಲಿ ಹೊಸ ತೆರಿಗೆ ಪದ್ಧತಿ ಬಂದಾಗ ಕಲ್ಯಾಣನಿಧಿಗೆ ಮೂಲವಾಗಿದ್ದ ಬೀಡಿಯ ಉಪಕರವೇ ರದ್ದಾಯಿತು. ಇನ್ನು ಮುಂದಿನ ನೆರವಿಗೆ ಸರಕಾರದ ಬೊಕ್ಕಸವನ್ನೇ ನೋಡಬೇಕು.

ನಮ್ಮ ಓಣಿಗಳಲ್ಲಿ ಗುತ್ತಿಗೆದಾರನ ಪುಸ್ತಕದಲ್ಲಿ ಹೆಸರೇ ಇಲ್ಲದೆ ಬೀಡಿ ಕಟ್ಟುವ ಅಕ್ಕತಂಗಿಯರಿದ್ದಾರೆ. ಓದುಬರಹ ಬಲ್ಲ ವಾಚಕಿಯರು ಅಂಥವರ ಕೂಲಿ ಚೀಟಿಯನ್ನೂ ಭವಿಷ್ಯನಿಧಿಯ ಸಂಖ್ಯೆಯನ್ನೂ ಒಮ್ಮೆ ತೆರೆಯಿಸಿ ನೋಡಬೇಕೆಂದು ಕೋರುತ್ತೇವೆ. ಕಾಗದದ ಮೇಲೆ ಹೆಸರಿಲ್ಲದವಳು ನಾಳೆ ಯಾವ ಸಂಸ್ಥೆಯ ಬಾಗಿಲಿಗೆ ಹೋದರೂ ಅವಳನ್ನು ಮೊದಲು ಕೇಳುವುದು ಅದನ್ನೇ.